ಕೆಸರೆಯ ಅತ್ತೆ, ಪೋರ್ಚುಗಲ್ಲಿನ ಬಾಡಿಗೆ ಮನೆ

ಹೊರದೇಶಕ್ಕೆ ಹೋದರೆ ಕೆಲವರಿಗೆ ಜ್ಞಾನ ಸಿಗುತ್ತದೆ, ಕೆಲವರಿಗೆ ಒಳ್ಳೊಳ್ಳೆ ಫೋಟೋ ಸಿಗುತ್ತವೆ. ನನಗೆ ಸಿಗುವುದು ಇಂಥ ಪ್ರಸಂಗಗಳು. ನಾನೇನೂ ಹುಡುಕಿಕೊಂಡು ಹೋಗುವವಳಲ್ಲ; ಸುಮ್ಮನೆ ನಿಂತಿದ್ದರೂ ಬಂದು ಕಾಲಿಗೆ ತೊಡರುತ್ತವೆ. ಪಕ್ಕದಲ್ಲಿ ನಮ್ಮ ಅತ್ತೆ ಇದ್ದರಂತೂ ಮುಗಿದೇ ಹೋಯಿತು. ಈಗ ವಾಪಸ್ ಬಂದು ಕೆಸರೆಯ ಮನೆಯ ಜಗಲಿ ಮೇಲೆ ಕೂತಿದ್ದೇನೆ. ಸಂಜೆಯಾದರೆ ಬೀದಿಯವರು ಯಾರಾದರೂ ಬಂದು, "ಅಲ್ಲಿ ಎಂಗಿತ್ತು, ಒಸಿ ಏಳಿ" ಅನ್ನುತ್ತಾರೆ. ಹೇಳಿ ಹೇಳಿ ಬಾಯಿಪಾಠ ಆಗಿದೆ. ಆದರೂ ಹೇಳುವಾಗ ಪ್ರತಿ ಸಲ, ಇದೆಲ್ಲ ನಿಜವಾಗಿ ನಮಗೇ ಆಯಿತೇ ಅಂತ ನನಗೇ ಬೆರಗಾಗುತ್ತದೆ.

೧. ಇಲವಾಲ ದಾಟಿ

ಯಾಕೆ ಹೋದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಆಸ್ಪತ್ರೆಯ ಯಂತ್ರಗಳಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. 'ಹಂತ ಒಂದು: ಹಸಿರು ಗುಂಡಿ ಒತ್ತಿ. ಹಂತ ಎರಡು: ದೀಪ ಹತ್ತುವ ತನಕ ಕಾಯಿರಿ.' ಇಂಥದ್ದು. ಕಂಪನಿ ಇರುವುದು ಅಮೆರಿಕದಲ್ಲಿ, ನಾನಿರುವುದು ಮೈಸೂರಿನ ಕೆಸರೆಯಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಅವರಿಗೆ ಬೆಳಗಾದರೆ ನಮಗೆ ಕತ್ತಲು. ಹನ್ನೊಂದು ವರ್ಷ ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗಿದೆ. ಹಗಲು ಮಲಗುವುದು ಅಂದರೆ ಬರೀ ಕಣ್ಣು ಮುಚ್ಚಿಕೊಂಡಿರುವುದು ಅಷ್ಟೇ. ಸೊಪ್ಪಿನವರ ಕೂಗು, ಕುಕ್ಕರಿನ ಸೀಟಿ, ಮನೆ ಮುಂದಿನ ಗ್ಯಾರೇಜಿನಲ್ಲಿ ನಮ್ಮ ಯಜಮಾನರು ಸ್ಕೂಟರ್ ಸೈಲೆನ್ಸರ್ ಬಡಿಯುವ ಸದ್ದು, ಇವುಗಳ ನಡುವೆ ನಿದ್ದೆ ಎಲ್ಲಿಂದ ಬರಬೇಕು?

ಕೊನೆಗೆ ತಲೆನೋವು ಶುರುವಾಯಿತು, ಕೈ ನಡುಗತೊಡಗಿತು. ಡಾಕ್ಟರು ಕನ್ನಡಕ ತೆಗೆದಿಟ್ಟು, "ಮಾತ್ರೆ ಬೇಕಾದ್ರೆ ಬರೀತೀನಮ್ಮ. ಆದ್ರೆ ನಿಮಗೆ ಬೇಕಾಗಿರೋದು ಒಂದು ವರ್ಷ ರಾತ್ರಿ ನಿದ್ದೆ. ಇಲ್ಲಾಂದ್ರೆ ಕೆಲಸ ಬಿಡಿ" ಅಂದರು. ಕೆಲಸ ಬಿಡುವ ಹಾಗಿರಲಿಲ್ಲ. ನಮ್ಮ ಮೇಲಧಿಕಾರಿ, "ಎಲ್ಲಿ ಕೂತು ಬೇಕಾದರೂ ಬರೆಯಿರಿ, ಗಂಟೆ ಮಾತ್ರ ಬದಲಾಗದು" ಅಂದರು. ಸರಿ, ಅವರ ಗಂಟೆ ಹಗಲಿಗೆ ಬೀಳುವ ಊರು ಎಲ್ಲಿದೆ ಅಂತ ಭೂಪಟ ಹರಡಿಕೊಂಡು ಕೂತೆ. ಲಂಡನ್ ಮೇಲೆ ಬೆರಳಿಟ್ಟರೆ ಅಲ್ಲಿನ ಬಾಡಿಗೆ ಕೇಳಿಯೇ ತಲೆನೋವು ಹೆಚ್ಚಾಯಿತು. ಬೆರಳು ಹಾಗೇ ಕೆಳಕ್ಕೆ ಜಾರಿ ಪೋರ್ಚುಗಲ್ಲಿನ ದಕ್ಷಿಣದ ತುದಿಗೆ ಬಂದು ನಿಂತಿತು. ನನ್ನಂತೆ ಎಲ್ಲೋ ಕೂತು ಇನ್ನೆಲ್ಲಿಗೋ ದುಡಿಯುವವರಿಗೆ ಅಲ್ಲಿ ವೀಸಾ ಕೊಡುತ್ತಾರಂತೆ. ಚಳಿಗಾಲದಲ್ಲಿ ಕಡಲ ಪಕ್ಕದ ಸಣ್ಣ ಊರುಗಳಲ್ಲಿ ಮನೆ ಬಾಡಿಗೆ ಯಾದವಗಿರಿಯ ಬಂಗಲೆಗಳ ಮಹಡಿ ಮನೆಗೆ ಕೇಳುವುದಕ್ಕಿಂತ ಒಂಚೂರು ಹೆಚ್ಚು, ಅಷ್ಟೇ.

ಯಜಮಾನರು ಗ್ಯಾರೇಜ್ ಮುಚ್ಚಿ ಬರುವ ಹಾಗಿರಲಿಲ್ಲ. "ನೀನು ಓಗು. ಮಲಗಿ ಎದ್ದು ಬಾ" ಅಂದರು. ಹೆಂಡತಿ ನಿದ್ದೆ ಮಾಡಲಿ ಅಂತ ಸಮುದ್ರದಾಚೆಗೆ ಕಳಿಸಿದ ಗಂಡ ಕೆಸರೆಯಲ್ಲಿ ಅವರೊಬ್ಬರೇ ಇರಬೇಕು. ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತರಕಾರಿ ಮಾರಿ ಈಗ ಮನೆಯಲ್ಲಿರುವ ಅತ್ತೆ ಮಾತ್ರ, "ಒಬ್ಳೇ ಎಂಗಮ್ಮಿ ಓದೀಯೆ? ನಾನೂ ಬತ್ತೀನಿ" ಅಂದರು. ಅವರಿಗೆ ಮೂರು ತಿಂಗಳ ಪ್ರವಾಸಿ ವೀಸಾ ಆಯಿತು.

ನಾವು ಹೊರಟ ಮೇಲೆ ಗ್ಯಾರೇಜಿಗೆ ಬಂದವರೆಲ್ಲ ಯಜಮಾನರನ್ನು ಕೇಳುತ್ತಿದ್ದರಂತೆ.

"ಅಮ್ಮಾವ್ರು ಎಲ್ಲಿಗ್ ಓದ್ರು?"

"ಪೋರ್ಚುಗಲ್."

"ಅದೆಲ್ ಬತ್ತದೆ?"

ಗ್ಯಾರೇಜಿನವರಿಗೆ ದಾರಿ ಹೇಳಿ ಅಭ್ಯಾಸ. ಯಜಮಾನರು ಕೈ ಒರೆಸಿಕೊಂಡು ಹೇಳುತ್ತಿದ್ದರು: "ಉಣ್ಸೂರ್ ರೋಡ್ ಇಡೀರಿ. ಇಲವಾಲ ಬತ್ತದೆ, ಅಲ್ಲಿ ನಿಲ್ಬೇಡಿ. ನೇರ ಪಡುವಲಕ್ಕೆ ಓಯ್ತಾ ಇರಿ. ಸಮುದ್ರ ಬತ್ತದೆ. ಅಲ್ಲೂ ನಿಲ್ಬೇಡಿ."

೨. ಒಳ್ಳೆಯ ನಡತೆ

ಹೊರಡುವ ಮುಂಚಿನದು ಇದು. ವೀಸಾಕ್ಕೆ ಪೊಲೀಸರಿಂದ ನಡತೆ ಪತ್ರ ಬೇಕಿತ್ತು. ವಿಚಾರಿಸಲು ಒಬ್ಬ ಕಾನ್‌ಸ್ಟೇಬಲ್ ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ನನಗೆ ಅದು ನಡುರಾತ್ರಿ ಇದ್ದ ಹಾಗೆ, ಒಳಗೆ ಮಲಗಿದ್ದೆ. ಅತ್ತೆ ಎಬ್ಬಿಸುವಷ್ಟರಲ್ಲಿ ಅವರು ಪಕ್ಕದ ಮನೆಯಾಕೆಯನ್ನು ಕೇಳಲು ಶುರು ಮಾಡಿಬಿಟ್ಟಿದ್ದರು. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ.

"ಎಂಥೋರಮ್ಮ ಇವ್ರು?"

"ಬಾಳ ಒಳ್ಳೇವ್ರು ಸಾರ್. ಯಾರ್ ತಂಟೆಗೂ ಓಗಲ್ಲ. ಹಗಲೊತ್ತು ಆಚೆಗೇ ಬರಲ್ಲ. ರಾತ್ರಿಯೆಲ್ಲ ಲೈಟ್ ಆಕ್ಕೊಂಡು ಯಾರ ಜೊತೇಲೋ ಇಂಗ್ಲಿಷಲ್ಲಿ ಪಿಸಪಿಸ ಅಂತಿರ್ತಾರೆ. ಬೆಳಕರಿದ್ರೆ ಬಾಗ್ಲಾಕ್ಕೊಂಡು ಮಲೀಕ್ಕೋತಾರೆ."

ಆಕೆ ನನಗೆ ಒಳ್ಳೆಯದನ್ನೇ ಮಾಡಲು ಹೊರಟಿದ್ದರು, ಪಾಪ. ಆದರೆ ಅವರು ಒಂದೊಂದೇ ಹೇಳುತ್ತಾ ಹೋದಂತೆ, ಇಂಥವಳನ್ನು ನಾನಾಗಿದ್ದರೂ ಹಿಡಿದು ಒಳಗೆ ಹಾಕುತ್ತಿದ್ದೆ ಅನ್ನಿಸಿತು. ಓಡಿಹೋಗಿ ಬಾಗಿಲು ತೆಗೆದು, ತಲೆ ಕೂಡ ಬಾಚದೆ, ಡಾಕ್ಟರು ಹೇಳಿದ್ದು, ಗಂಟೆಯ ಲೆಕ್ಕ, ಭೂಪಟ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಕಣ್ಣ ಕೆಳಗಿನ ಕಪ್ಪನ್ನೇ ನೋಡಿದರು. ಅವರ ಕಣ್ಣ ಕೆಳಗೂ ಅಷ್ಟೇ ಕಪ್ಪಿತ್ತು.

"ನಂದೂ ಆರ್ ತಿಂಗಳಿಂದ ನೈಟ್ ಡ್ಯೂಟಿ ಮೇಡಂ" ಅಂದರು. ಆಮೇಲೆ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದರು: "ಆ ಪೋರ್ಚುಗಲ್‌ನವ್ರು ಕಾನ್‌ಸ್ಟೇಬಲ್‌ಗಳಿಗೂ ಕೊಡ್ತಾರಾ?"

೩. ಬಾಗಿಲಿಗೆ ನೇತುಹಾಕಿದ ಚೀಲ

ಫೆಬ್ರವರಿ ಕೊನೆಯಲ್ಲಿ ಹೋಗಿ ಇಳಿದೆವು. ಸುಣ್ಣ ಬಳಿದ ಬಿಳಿ ಮನೆ, ಕಿಟಕಿಯ ಸುತ್ತ ನೀಲಿ ಪಟ್ಟಿ. ಮಹಡಿಯ ಎರಡು ಕೋಣೆ ನಮಗೆ, ಕೆಳಗೆ ಮನೆಯೊಡತಿ. ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ. ಹರೆಯದಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವರು. ಇಂಗ್ಲಿಷನ್ನು ಪ್ರವಾಸಿಗಳಿಂದಲೇ ಕಲಿತವರು. ಮನೆ ಕೊಟ್ಟಿದ್ದು ಮೇ ಕೊನೆಯ ತನಕ ಮಾತ್ರ. ಬೇಸಿಗೆಯಲ್ಲಿ ಆ ಊರಿಗೆ ಪ್ರವಾಸಿಗಳು ನುಗ್ಗುತ್ತಾರೆ, ವಾರಕ್ಕಿಷ್ಟು ಅಂತ ಕೇಳಿದಷ್ಟು ಕೊಡುತ್ತಾರೆ. ಊರಿನ ಎಲ್ಲ ಮನೆಗಳದ್ದೂ ಅದೇ ಕತೆ.

ನನ್ನ ವೀಸಾ ಇದ್ದದ್ದು ನಾಲ್ಕು ತಿಂಗಳಿಗೆ. ಅಷ್ಟರೊಳಗೆ ಒಂದು ವರ್ಷದ ಮನೆ ಕರಾರು ತೋರಿಸಿದರೆ ಅಲ್ಲೇ ಇರಲು ಕಾರ್ಡು ಕೊಡುತ್ತಾರೆ. ಇಲ್ಲದಿದ್ದರೆ ಮತ್ತೆ ಕೆಸರೆ, ಮತ್ತೆ ಹಿಂದಿನ ಕೋಣೆ, ಮತ್ತೆ ರಾತ್ರಿ. ಬಂದ ದಿನವೇ ಮನೆಯೊಡತಿಗೆ ವಿಷಯ ಹೇಳಿದ್ದೆ. "ನೋಡೋಣ" ಅಂದಿದ್ದರು.

ಮೊದಲ ರಾತ್ರಿ ಮಲಗಿದವಳು ಎದ್ದಾಗ ಬೆಳಗಾಗಿತ್ತು. ಇದರಲ್ಲೇನು ವಿಶೇಷ ಅನ್ನಬೇಡಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ರಾತ್ರಿ ಪೂರ್ತಿ ಮಲಗಿ ಎದ್ದು ಬಿಸಿಲು ನೋಡಿದ್ದೆ. ಎಳೆ ಬಿಸಿಲು ಬಿಳಿ ಗೋಡೆಯ ಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ನಾನು ಹಾಸಿಗೆ ಮೇಲೆ ಕೂತು ಗೋಡೆ ನೋಡಿಕೊಂಡು ಅತ್ತುಬಿಟ್ಟೆ.

ಅತ್ತೆ ಆಗಲೇ ಎದ್ದು ಊರಿನ ತನಿಖೆ ಶುರು ಮಾಡಿದ್ದರು. "ಇಲ್ಲೂ ನಮ್ಮಂಗೇ ಕಣಮ್ಮಿ. ಎಲ್ಲರ್ ಬಾಗ್ಲಲ್ಲೂ ಆಲಿನ್ ಚೀಲ ನೇತಾಕವ್ರೆ" ಅಂದರು. ನೋಡಿದರೆ ಹೌದು, ಒಂದೊಂದು ಬಾಗಿಲ ಹಿಡಿಗೂ ಒಂದೊಂದು ಬಟ್ಟೆ ಚೀಲ. ನಮ್ಮ ಬೀದಿಯಲ್ಲಿ ಹಾಲಿನ ಪ್ಯಾಕೆಟ್ಟಿಗೆ ಗೇಟಿಗೆ ಚೀಲ ಕಟ್ಟುವ ಹಾಗೆಯೇ. ಅತ್ತೆ ಅವತ್ತೇ ಮೈಸೂರಿನಿಂದ ತಂದ ಕೈಚೀಲವನ್ನು ನಮ್ಮ ಬಾಗಿಲಿಗೂ ಸಿಕ್ಕಿಸಿದರು.

ಮಾರನೇ ಬೆಳಿಗ್ಗೆ ಅದರಲ್ಲಿ ಆರು ಬನ್ನು ಇದ್ದವು, ಮುಟ್ಟಿದರೆ ಇನ್ನೂ ಬಿಸಿ. ಅತ್ತೆಗೆ ಗೊಂದಲ. ಯಾರೋ ತಪ್ಪಿ ಹಾಕಿದ್ದಾರೆ ಅಂದುಕೊಂಡು, ಈ ಸಲ ಎಲ್ಲರಿಗೂ ಅರ್ಥವಾಗಲಿ ಅಂತ ಚೀಲದೊಳಗೆ ಹಾಲಿನ ಪಾತ್ರೆಯನ್ನೇ ಇಟ್ಟರು. ಬೆಳಿಗ್ಗೆ ನೋಡಿದರೆ ಪಾತ್ರೆಯೊಳಗೆ ಅಂದವಾಗಿ ಜೋಡಿಸಿದ ಆರು ಬನ್ನು.

ಬೇಕರಿಯವನು ಬೆಳಿಗ್ಗೆ ವ್ಯಾನಿನಲ್ಲಿ ಬಂದು ಚೀಲ ಕಂಡಲ್ಲೆಲ್ಲ ಬನ್ನು ಹಾಕಿ ಹೋಗುತ್ತಾನೆ, ಶನಿವಾರ ದುಡ್ಡು ತೆಗೆದುಕೊಳ್ಳುತ್ತಾನೆ ಅಂತ ಆಮೇಲೆ ಗೊತ್ತಾಯಿತು. ಬೀದಿ ತುಂಬ ಬನ್ನು ನೇತಾಡುತ್ತಿದ್ದರೂ ಒಬ್ಬರೂ ಕೈ ಹಾಕುವುದಿಲ್ಲವಲ್ಲ ಅಂತ ನಾನು ಬೆರಗಾಗಿ ನಿಂತಿದ್ದೆ. ಅತ್ತೆಯ ಬೆರಗೇ ಬೇರೆ. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಈ ದೇಸದಲ್ಲಿ ಅಸ ಬನ್ನೇ ಕರೀತದಾ?" ಅಂದರು.

೪. ಬೇಲಿ

ಮೊದಲ ಭಾನುವಾರ ಅತ್ತೆಯನ್ನು ಕಡಲಿಗೆ ಕರೆದುಕೊಂಡು ಹೋದೆ. ಎಪ್ಪತ್ತೊಂದು ವರ್ಷದಲ್ಲಿ ಅವರು ಕಂಡ ದೊಡ್ಡ ನೀರು ಅಂದರೆ ಕಾವೇರಿ ತುಂಬಿ ಹರಿದದ್ದು. ಬಂಡೆಯ ಅಂಚಿಗೆ ಹೋಗಿ ನಿಂತರು. ಕೆಳಗೆ ನೀಲಿ, ಆಚೆಗೂ ನೀಲಿ, ಅದರಾಚೆಗೆ ಏನೂ ಇಲ್ಲ. ಗಾಳಿಗೆ ಸೆರಗು ಹಾರುತ್ತಿದ್ದರೂ ಹಿಡಿದುಕೊಳ್ಳಲಿಲ್ಲ. ಇಷ್ಟು ಹೊತ್ತು ಸುಮ್ಮನಿದ್ದ ಅತ್ತೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ನಾವಿಬ್ಬರೂ ಇಲ್ಲಿ ಬಂದು ನಿಲ್ಲುತ್ತೇವೆ ಅಂತ ಯಾರು ಅಂದುಕೊಂಡಿದ್ದರು?

ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಇಷ್ಟಗಲ ಅದೆ, ಒಬ್ರೂ ಬೇಲಿ ಆಕ್ಕೊಂಡಿಲ್ವಲ್ಲ ಕಣಮ್ಮಿ! ಇನ್ನೂ ಯಾರೂ ನೋಡಿಲ್ವಾ?" ಅಂದರು.

೫. ಕೊಸರು

ಶನಿವಾರ ಅಲ್ಲಿ ಸಂತೆ. ಅತ್ತೆಗೆ ಅದು ತವರುಮನೆಗೆ ಹೋದ ಹಾಗೆ. ನಾನು ಫೋನಿನಲ್ಲಿ ಪೋರ್ಚುಗೀಸ್ ಮಾತು ಹುಡುಕುತ್ತಿರುವಾಗಲೇ ಅವರು ಟೊಮೇಟೊ ಅಂಗಡಿಯ ಮುಂದೆ ಕೂತು, ಹಣ್ಣುಗಳನ್ನು ತೆಗೆದು ಬೇರೆ ಥರ ಜೋಡಿಸಲು ಶುರು ಮಾಡಿದರು. ಕೆಂಪಗಿರುವುದು ಮುಂದೆ, ದೋರೆಯಾದದ್ದು ಹಿಂದೆ, ಪೆಟ್ಟು ಬಿದ್ದದ್ದು ಬೇರೆ ಬುಟ್ಟಿಗೆ. ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಈಗ ಬೈಗುಳ ಗ್ಯಾರಂಟಿ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಅನ್ನುವಷ್ಟು ಹಿಂದೆ. ಆದರೆ ಆಕೆ ಬೈಯಲಿಲ್ಲ. ಅತ್ತೆಯ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಒಂದು ಮುಕ್ಕಾಲಿ ತಂದು ಹಾಕಿದರು. ಕಸುಬಿನವರಿಗೆ ಕಸುಬಿನವರ ಗುರುತು ಸಿಗಲು ಭಾಷೆ ಬೇಕಾಗಿಲ್ಲ ಅಂತ ಅವತ್ತು ಕಣ್ಣಾರೆ ಕಂಡೆ.

ವ್ಯಾಪಾರ ಮುಗಿದ ಮೇಲೂ ಅತ್ತೆ ಏಳಲಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡೇ ಇದ್ದರು. ಆಗ ನನಗೆ ಅರ್ಥವಾಯಿತು. ಕೊಸರಿಗೆ ಕಾಯುತ್ತಿದ್ದಾರೆ! ನಮ್ಮಲ್ಲಿ ತರಕಾರಿ ಕೊಂಡರೆ ಮೇಲೊಂದು ಹಿಡಿ ಕೊತ್ತಂಬರಿ, ಕರಿಬೇವು ಹಾಗೇ ಹಾಕುತ್ತಾರಲ್ಲ, ಅದು.

"ಅತ್ತೆ, ಇದು ಯುರೋಪು. ಇಲ್ಲಿ ಕೊಸರು ಗಿಸರು ಇಲ್ಲ. ಏಳಿ, ಮರ್ಯಾದೆ ಹೋಗುತ್ತೆ."

ನನ್ನ ಮಾತು ಮುಗಿಯುವುದರೊಳಗೆ ಆಕೆ ಬಗ್ಗಿ, ನೀರು ಚಿಮುಕಿಸಿಟ್ಟಿದ್ದ ಕಂತೆಯಿಂದ ಒಂದು ಹಿಡಿ ಎಳೆದು ಚೀಲಕ್ಕೆ ಹಾಕಿದರು. ಕೊತ್ತಂಬರಿ! ನಮ್ಮ ಕೊತ್ತಂಬರಿಯೇ! ಆ ಸೀಮೆಯವರು ಸಾರಿಗೆ, ಮೀನಿಗೆ, ಎಲ್ಲದಕ್ಕೂ ಹಾಕುತ್ತಾರಂತೆ.

ಅತ್ತೆ ಕೊತ್ತಂಬರಿ ಮೂಸಿ ನೋಡಿ, ನನ್ನ ಕಡೆ ಒಂದು ನೋಟ ಬೀರಿದರು. "ನೀನು ಓದ್ದೋಳು ಕಣವ್ವ. ನಿಂಗೆ ಇವೆಲ್ಲ ತಿಳಿಯಾಕಿಲ್ಲ" ಅಂದರು.

೬. ಹಿತಕಿದ ಬೇಳೆ

ಏಪ್ರಿಲ್‌ನಲ್ಲಿ ಮನೆಯೊಡತಿ ಒಂದು ಬುಟ್ಟಿ ಕಾಯಿ ತಂದು ಕೊಟ್ಟರು. ಹೆಬ್ಬೆರಳಿನ ಗಾತ್ರದ ಕಾಳು. ಅತ್ತೆ ಒಂದನ್ನು ಸುಲಿದು ನೋಡಿ, "ಅವರೇಕಾಯಿ ಉಂಡು ತಿಂದು ಬೆಳ್ದದೆ" ಅಂತ ತೀರ್ಪು ಕೊಟ್ಟರು. ಕಾಳು ನೆನೆಹಾಕಿದರು. ಮಾರನೇ ದಿನ ಮೆಟ್ಟಿಲ ಮೇಲೆ ಕೂತು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಪುಸಕ್ಕನೆ ಹಾರುತ್ತಿತ್ತು. ಮನೆಯೊಡತಿ ನೋಡಿ ತಾವೂ ಬಂದು ಪಕ್ಕದಲ್ಲಿ ಕೂತರು. ಮೀನಿನ ಕಾರ್ಖಾನೆಯ ಬೆರಳುಗಳು. ಅರ್ಧ ಗಂಟೆಯಲ್ಲಿ ಅತ್ತೆಯ ಸಮಕ್ಕೆ ಹಿತಕತೊಡಗಿದರು. ಇವರು ಕನ್ನಡದಲ್ಲಿ, ಅವರು ಪೋರ್ಚುಗೀಸಿನಲ್ಲಿ. ಇಬ್ಬರೂ ಸತ್ತ ಗಂಡಂದಿರ ವಿಷಯವೇ ಮಾತಾಡುತ್ತಿದ್ದರು ಅಂತ ನನಗೆ ಅನುಮಾನ, ಯಾಕೆಂದರೆ ಇಬ್ಬರೂ ಆಗಾಗ ಕಣ್ಣೊರೆಸಿಕೊಂಡು ಆಮೇಲೆ ಬಿದ್ದು ಬಿದ್ದು ನಗುತ್ತಿದ್ದರು.

ಆ ಹೊತ್ತಿಗೆ ಯಜಮಾನರ ವಿಡಿಯೋ ಕರೆ ಬಂತು. ಹಿಂದೆ ಕೆಸರೆಯ ಬೀದಿ, ಸ್ಕೂಟರಿನ ಸದ್ದು. ಇಲ್ಲಿ ಬಿಳಿ ಮೆಟ್ಟಿಲು, ಬೀದಿಯುದ್ದಕ್ಕೂ ಕಿತ್ತಳೆ ಮರ, ಇಬ್ಬರು ಮುದುಕಿಯರು, ನಡುವೆ ಬೇಳೆಯ ಪಾತ್ರೆ. ಯಜಮಾನರು ಫೋನನ್ನು ಮುಖದ ಹತ್ತಿರ ತಂದುಕೊಂಡು ನೋಡಿದರು. ನಮ್ಮ ಸುಖ ಕಂಡು ಮನಸ್ಸು ತುಂಬಿ ಬಂದಿದೆ ಅಂದುಕೊಂಡೆ.

"ಏನ್ರೀ, ಏನು ನೋಡ್ತಿದ್ದೀರಿ?"

"ಅಲ್ಲಾ ಕಣೆ, ಎರಡ್ ತಿಂಗ್ಳಿಂದ ನಾನಿಲ್ಲಿ ಒಗ್ಗರಣೆ ಸೀಸ್ಕೊಂಡು ತಿಂತಾ ಇವ್ನಿ. ಇತಕಿದ ಬೇಳೆ ಸಾರು ತಿನ್ನಾಕೆ ನಾನ್ ಪೋರ್ಚುಗಲ್‌ಗೆ ಬರ್ಬೇಕಾ?"

೭. ತೊಂದರೆ ಯಾಕೆ

ಇಷ್ಟೆಲ್ಲ ಚೆನ್ನಾಗಿದ್ದಾಗಲೇ ನಾನು ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಮೇ ಮೊದಲ ವಾರ ಮನೆಯೊಡತಿ ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಮೇಜಿನ ಮೇಲೆ ಅವರೇ ಮಾಡಿದ ಕಿತ್ತಳೆ ಕೇಕು. ಅದರ ಘಮ ಬೆಳಗಿನಿಂದ ಮಹಡಿಗೆ ಬರುತ್ತಿದ್ದುದರಿಂದ ನಾನು ಮಧ್ಯಾಹ್ನ ಅರ್ಧ ಊಟ ಬಿಟ್ಟು ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡಿದ್ದೆ.

"ಕೇಕ್ ತೆಗೆದುಕೊಳ್ಳುತ್ತೀರಾ?" ಅಂದರು.

"ಅಯ್ಯೋ ಬೇಡ ಬೇಡ, ಈಗ ತಾನೇ ಊಟ ಆಯ್ತು" ಅಂದೆ.

ನಮ್ಮ ಕಡೆ ಈ ಮಾತಿಗೆ ಎದುರಿನವರು, "ಏನಾಗಲ್ಲ, ಒಂದು ಚೂರು" ಅನ್ನಬೇಕು. ನಾನು ಮತ್ತೊಮ್ಮೆ ಬೇಡ ಅನ್ನಬೇಕು. ಅವರು ತಟ್ಟೆಯನ್ನೇ ಕೈಗೆ ತುರುಕಬೇಕು. ಆಗ ನಾನು, "ನೀವು ಬಿಡಲ್ಲ" ಅಂತ ಗೊಣಗಿಕೊಂಡು ಎರಡು ತುಂಡು ತಿನ್ನಬೇಕು. ಕರೆದ ತಕ್ಷಣ ತಟ್ಟೆಗೆ ಕೈ ಹಾಕಿದರೆ ಹೊಟ್ಟೆಬಾಕಿ ಅಂದುಕೊಳ್ಳುವುದಿಲ್ಲವೇ? ಮನೆಯೊಡತಿ, "ಸರಿ" ಅಂತ ಕೇಕಿನ ಡಬ್ಬಿಗೆ ಮುಚ್ಚಳ ಹಾಕಿದರು. ಆ ಮುಚ್ಚಳದ ಸದ್ದು ಈಗಲೂ ಕಿವಿಯಲ್ಲಿದೆ.

ಇಷ್ಟಕ್ಕಾದರೂ ನನಗೆ ಬುದ್ಧಿ ಬರಬೇಕಿತ್ತು. ಕಾಫಿ ಹೀರುತ್ತಾ ಅವರೇ ಮಾತು ತೆಗೆದರು: "ನಾನು ಯೋಚನೆ ಮಾಡಿದೆ. ನೀವು ಒಂದು ವರ್ಷ ಇಲ್ಲೇ ಇರುತ್ತೀರಾ? ಬೇಸಿಗೆಯವರಿಗೆ ಕೊಡದೆ ನಿಮಗೇ ಕೊಡುತ್ತೇನೆ."

ಬಂದ ದಿನದಿಂದ ಈ ಮಾತಿಗೇ ಕಾದಿದ್ದೆ. ಒಂದು ವರ್ಷದ ನಿದ್ದೆಯನ್ನು ಆಕೆ ಮೇಜಿನ ಮೇಲೆ ತಂದಿಟ್ಟಿದ್ದರು. ನಾನು ಬಾಯಿ ತೆರೆದೆ. ಬಂದ ಮಾತು ಇದು: "ಅಯ್ಯೋ, ಬೇಡ ಬಿಡಿ. ನಿಮಗ್ಯಾಕೆ ಸುಮ್ಮನೆ ತೊಂದರೆ? ಬೇಸಿಗೆ ಬಾಡಿಗೆ ನಿಮಗೆ ನಷ್ಟ ಆಗುತ್ತಲ್ಲ."

ಹೇಳಿ, ಅವರು ಒತ್ತಾಯ ಮಾಡಲಿ ಅಂತ ಕಾದೆ. ಅವರು ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ನಕ್ಕು, "ನನ್ನ ಬಗ್ಗೆ ಇಷ್ಟು ಯೋಚಿಸಿದಿರಲ್ಲ, ತುಂಬಾ ಥ್ಯಾಂಕ್ಸ್" ಅಂತ ಕಪ್ಪು ತೊಳೆಯಲು ಎದ್ದು ಹೋದರು. ಹತ್ತು ನಿಮಿಷದಲ್ಲಿ ನಾನು ಒಂದು ಕೇಕು, ಒಂದು ಮನೆ, ಎರಡನ್ನೂ ಮರ್ಯಾದೆಯಾಗಿ ಕಳೆದುಕೊಂಡಿದ್ದೆ.

೮. ಹಂತ ಒಂದು, ಹಂತ ಎರಡು

ಗುರುವಾರ ಮನೆಯೊಡತಿ ಮೆಟ್ಟಿಲ ಬಳಿ ಸಿಕ್ಕಿ, ಭಾನುವಾರ ಹನ್ನೊಂದಕ್ಕೆ ಗಂಡ ಹೆಂಡತಿ ಇಬ್ಬರು ಬೇಸಿಗೆಗೆ ಮನೆ ನೋಡಲು ಬರುತ್ತಾರೆ, ಸ್ವಲ್ಪ ಚೊಕ್ಕಟವಾಗಿಟ್ಟಿರಿ ಅಂದರು. ಹೂಂ ಅಂದು ಮೇಲೆ ಬಂದು ಹಾಸಿಗೆ ಮೇಲೆ ಕುಸಿದೆ. ಅವತ್ತಿನ ಮಾತು ಇಂಗ್ಲಿಷಿನಲ್ಲಿ ನಡೆದಿದ್ದರಿಂದ ಅತ್ತೆಗೆ ಗೊತ್ತಾಗಿರಲಿಲ್ಲ. ಈಗ ಎಲ್ಲ ಹೇಳಿದೆ.

"ಎಷ್ಟ್ ಸಲ ಕೇಳಿದ್ಲು?" ಅಂದರು.

"ಒಂದೇ ಸಲ."

"ಒಂದೇ ಸಲಕ್ಕೆ ಬುಟ್ಬುಟ್ಲಾ?" ಅತ್ತೆಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ, ಆಕೆಯ ಮೇಲೆ ಕನಿಕರ ಬಂತು. "ಪಾಪ, ಅವ್ಳಿಗೆ ಯಾರೂ ಏಳ್ಕೊಟ್ಟಿಲ್ಲ. ನೀನೇ ಓಗಿ ಏಳ್ಕೊಡು."

"ಬೇಡ ಅಂದರೆ ಬೇಕು ಅಂತ ಅರ್ಥ ಅನ್ನೋದನ್ನ ಹೇಗೆ ಅತ್ತೆ ವಿವರಿಸೋದು?"

"ನಿನ್ ಕೆಲ್ಸ ಏನಮ್ಮಿ?"

"ವಿವರಿಸೋದು."

"ಮತ್ತೆ?"

ಅತ್ತೆ ಹೇಳಿದ ಮೇಲೆ ಕೂತೆ. ಜನ್ಮದಲ್ಲಿ ಬರೆದ ಕೈಪಿಡಿಗಳಲ್ಲಿ ಅದೇ ಚಿಕ್ಕದು, ಅದೇ ಕಷ್ಟದ್ದು. ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಹಾಳೆ:

'ಮೈಸೂರಿನವರಿಗೆ ಏನನ್ನಾದರೂ ಕೊಡುವ ವಿಧಾನ. ಹಂತ ಒಂದು: ಬೇಕೇ ಎಂದು ಕೇಳಿ. "ಬೇಡ" ಎಂಬ ಉತ್ತರ ಬರುತ್ತದೆ. ಗಾಬರಿಯಾಗಬೇಡಿ, ಇದು ದೋಷವಲ್ಲ. ಹಂತ ಎರಡು: ಮತ್ತೆ ಕೇಳಿ. ಮತ್ತೆ "ಬೇಡ" ಎನ್ನುತ್ತಾರೆ, ಆದರೆ ದನಿ ಮೆತ್ತಗಾಗಿರುತ್ತದೆ. ಹಂತ ಮೂರು: ಇನ್ನೊಮ್ಮೆ ಕೇಳಿ. ಈಗ ಬರುವುದೇ ನಿಜವಾದ ಉತ್ತರ. ಎಚ್ಚರಿಕೆ: ಹಂತ ಒಂದಕ್ಕೇ ನಿಲ್ಲಿಸಿದರೆ ಅತಿಥಿಗಳು ಹಸಿದು ಮನೆಗೆ ಹೋಗುತ್ತಾರೆ.'

ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಕೊನೆಗೂ ಧೈರ್ಯ ಬಂದು, ಅತ್ತೆಯನ್ನು ಕರೆದುಕೊಂಡು ಕೆಳಗಿಳಿದೆ. ಹಾಳೆ ಕೊಟ್ಟೆ. ಮನೆಯೊಡತಿ ಕನ್ನಡಕ ಹಾಕಿಕೊಂಡು ಓದಿದರು. ಮೊದಲಿನಿಂದ ಇನ್ನೊಮ್ಮೆ ಓದಿದರು. ಕೇಕಿನ ಡಬ್ಬಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಅವತ್ತು ಕೇಕು?" ಅಂದರು.

"ಬೇಕಿತ್ತು" ಅಂದೆ.

"ಮನೆ?"

"ಬೇಕಿತ್ತು" ಅಂದೆ. ಈ ಮನೆಯಲ್ಲಿ ನನಗೆ ರಾತ್ರಿ ನಿದ್ದೆ ಬರುತ್ತೆ, ಹನ್ನೊಂದು ವರ್ಷ ಬಂದಿರಲಿಲ್ಲ ಅಂತ ಹೇಗೋ ಹೇಳಿದೆ.

ಆಕೆ ಎದ್ದು ಹೋಗಿ ಕಪಾಟಿನಿಂದ ಕರಾರು ಪತ್ರ ತಂದರು. ಒಂದು ವರ್ಷದ್ದು. ನನ್ನನ್ನು ಕೇಳುವ ಮುಂಚೆಯೇ ಬರೆಸಿಟ್ಟುಕೊಂಡಿದ್ದರಂತೆ! ನನ್ನ ಹೆಸರು ಕೂಡ ಇತ್ತು. ಅದನ್ನು ನೋಡಿ ನಾನು ಬೆರಗಾಗಿ ಕೂತುಬಿಟ್ಟೆ. ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡು, ಚರ್ಚಿನಲ್ಲಿ ಓದುವವರ ಹಾಗೆ ಗಂಭೀರವಾಗಿ ಕೇಳಿದರು: "ನೀವು ಒಂದು ವರ್ಷ ಇಲ್ಲಿ ಇರುತ್ತೀರಾ?"

"ಇರ್ತೀನಿ!" ಅಂದೆ.

ಆಕೆ ತಲೆಯಾಡಿಸಿ, ಹಾಳೆಯ ಮೇಲೆ ಬೆರಳಿಟ್ಟರು. ಹಂತ ಒಂದು: 'ಬೇಡ' ಎಂಬ ಉತ್ತರ ಬರುತ್ತದೆ. ಬಂದಿಲ್ಲ.

"ಪರವಾಗಿಲ್ಲ, ಇವತ್ತೊಂದಿನ ಅದು ಬೇಕಾಗಿಲ್ಲ" ಅಂದೆ. ಆಕೆ ಜಗ್ಗಲಿಲ್ಲ. ಕಾರ್ಖಾನೆಯಲ್ಲಿ ದುಡಿದವರು, ಬರೆದಿದ್ದು ಬರೆದ ಹಾಗೆ ನಡೆಯಬೇಕು. ಅತ್ತೆಗೆ ವಿಷಯ ಹೇಳಿದರೆ, ಅವರೂ ಆ ಕಡೆಯೇ ಸೇರಿಕೊಂಡು, "ನ್ಯಾಯವಾಗಿ ಮಾಡ್ತವ್ಳೆ, ನೀನೂ ನ್ಯಾಯವಾಗಿ ಅನ್ನು" ಅಂದರು.

ಆಕೆ ಮೊದಲಿನಿಂದ ಕೇಳಿದರು. ನಾನು, "ಬೇಡ" ಅಂದೆ. ದಿನಕ್ಕೆ ಹತ್ತು ಸಲ ಸಲೀಸಾಗಿ ಆಡುವ ಮಾತು, ಅವತ್ತು ನಾಲಿಗೆಯ ಮೇಲೆ ಕಲ್ಲಿನಷ್ಟು ಭಾರವಾಗಿತ್ತು. ಆಕೆ ಹಾಳೆ ನೋಡಿ, ಎರಡನೇ ಸಲ ಕೇಳಿದರು: "ಒಂದು ವರ್ಷ ಇರುತ್ತೀರಾ?"

ಆಗಲೇ ಬಾಗಿಲು ಬಡಿದ ಸದ್ದು. ಮನೆ ನೋಡಲು ಬರುವವರು ಕಾಲು ಗಂಟೆ ಮುಂಚೆಯೇ ಬಂದಿದ್ದರು. ಎತ್ತರದ ಗಂಡ ಹೆಂಡತಿ, ಬಿಸಿಲಿಗೆ ಕೆಂಪಾದ ಮುಖ, ತೆರೆದ ಬಾಗಿಲಲ್ಲೇ ನಿಂತಿದ್ದಾರೆ. ಮನೆಯೊಡತಿಯ ಕಣ್ಣು ನನ್ನ ಮೇಲೆಯೇ. ನನ್ನ ಜನ್ಮದಲ್ಲಿ ಅಷ್ಟು ಬೇಕಾದದ್ದನ್ನು ಅಷ್ಟು ಜನರ ಎದುರಿಗೆ ಬೇಡ ಅಂದಿರಲಿಲ್ಲ. "ಬೇ...ಡ" ಅಂದೆ. ದನಿ ಮೆತ್ತಗಾಗುವುದಿರಲಿ, ಅರ್ಧ ಹೊರಗೇ ಬರಲಿಲ್ಲ.

ಬಾಗಿಲಲ್ಲಿ ನಿಂತ ಗಂಡ ಖುಷಿಯಾಗಿ, "ಓ, ಇವರಿಗೆ ಬೇಡವಾ? ಹಾಗಾದರೆ ನಾವು ತೆಗೆದುಕೊಳ್ಳುತ್ತೇವೆ!" ಅಂದ.

ಮನೆಯೊಡತಿ ತಿರುಗಿಯೂ ನೋಡದೆ, ಅವನ ಕಡೆ ಅಂಗೈ ಎತ್ತಿ ಹಿಡಿದರು.

"ಸ್ವಲ್ಪ ನಿಲ್ಲಿ. ಇನ್ನೂ ಒಂದು ಸಲ ಬಾಕಿ ಇದೆ."

ಮೂರನೇ ಸಲ ಕೇಳಿದರು. ನಾನು ಹೂಂ ಅಂದಿದ್ದು ಬೀದಿಗೆ ಕೇಳಿಸಿರಬೇಕು. ಸಹಿ ಮಾಡುವಾಗ ಕಣ್ಣೀರಿನಲ್ಲಿ ಗೆರೆಯೇ ಕಾಣಲಿಲ್ಲ. ಆಕೆ ನನ್ನ ಕೈ ಹಿಡಿದು ಜಾಗ ತೋರಿಸಿದರು. ಬೇಸಿಗೆಯ ಅಷ್ಟು ಬಾಡಿಗೆ ಬಿಟ್ಟು, ನಿನ್ನೆ ಮೊನ್ನೆ ಬಂದ ಒಬ್ಬ ಪರದೇಶಿಯ ನಿದ್ದೆಗೆ ಜಾಗ ಕೊಟ್ಟರಲ್ಲ!

ಮನೆ ತಪ್ಪಿದ ಆ ಇಬ್ಬರೂ ಪಾಪ, ಬಾಗಿಲಲ್ಲೇ ಪೆಚ್ಚಾಗಿ ನಿಂತಿದ್ದರು. ಮನೆಯೊಡತಿಗೆ ಕನಿಕರವಾಯಿತು. ಕೇಕಿನ ಡಬ್ಬಿ ತೆರೆದು, ಒಳಗೆ ಬಂದು ಒಂದು ತುಂಡು ತಿಂದು ಹೋಗಿ ಅಂದರು.

"ಬೇಡ, ಥ್ಯಾಂಕ್ಸ್" ಅಂತ ಅವರು ಹೊರಡಲು ತಿರುಗಿದರು.

ಮನೆಯೊಡತಿ ಹಾಳೆ ನೋಡಿ, ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತರು. ಅತ್ತೆ ಎರಡು ಕುರ್ಚಿ ಎಳೆದು ಹಾಕಿ, ಒಂದು ಬೆರಳು ಮಡಚಿ ಅಂದರು: "ಒಂದಾಯ್ತು."